ನೀಲಿಯ ಮೇಲೆ ಬೆರಳು

ಲುಸಾಕಾದಿಂದ ಲಾರಿಯಲ್ಲಿ ಬಂದವು ಹತ್ತೊಂಬತ್ತು ಟ್ಯಾಬ್ಲೆಟ್ಟು,
ಎರಡರ ಗಾಜು ದಾರಿಯಲ್ಲೇ ಬಿರುಕು.
ಮಕ್ಕಳು ಅರವತ್ತನಾಲ್ಕು.
ಲೆಕ್ಕದ ಮೇಷ್ಟ್ರು ನಾನು; ಈ ಭಾಗಾಕಾರ ಮಾತ್ರ
ಹಲಗೆಯ ಮೇಲೆ ಮಾಡಲಿಲ್ಲ.

ಅಗ್ಗದ ಮಾಲು. ಕೈಗೆ ಹಗುರ, ಬಿಸಿಲಿಗೆ ಬೇಗ ಜ್ವರ,
ಒಂದು ಮುಟ್ಟಿದರೆ ಇನ್ನೊಂದು ತೆರೆಯುತ್ತದೆ.
ಭಾಷೆಗಳ ಪಟ್ಟಿಯಲ್ಲಿ ನಮ್ಮ ಟೋಂಗಾ ಹುಡುಕಿದೆ,
ಕೆಳಗೆ, ಇನ್ನೂ ಕೆಳಗೆ. ಸಿಕ್ಕಿತು! ಒತ್ತಿದೆ.
ಯಾವುದೋ ದೂರದ ಕಡಲಿನ ದ್ವೀಪದ ಮಾತು ಅದು.
ಅವರಿಗೂ ನಮಗೂ ಹೆಸರೊಂದೇ ನಂಟು.

ಕರೆಂಟು ಈ ಊರಿಗಿಲ್ಲ.
ಅಣೆಕಟ್ಟು ಇಲ್ಲಿಂದ ಕಾಣದು, ಅದರ ತಂತಿಗಳು ಕಾಣುತ್ತವೆ:
ಗುಡ್ಡದಿಂದ ಗುಡ್ಡಕ್ಕೆ ದಾಪುಗಾಲಿಟ್ಟು
ನಮ್ಮ ನೆತ್ತಿಯ ಮೇಲೇ ಗುಂಯ್‌ಗುಟ್ಟುತ್ತ
ತಾಮ್ರದ ಗಣಿಗಳ ಕಡೆಗೆ ಹೋಗುತ್ತವೆ.
ಚಾರ್ಜಿಗೆ ಸಿಯಾಕಲಿಮಾನ ಡಬ್ಬಿ ಅಂಗಡಿ, ಸೋಲಾರ್ ಹಲಗೆ ಒಂದೇ ಒಂದು,
ಗಂಟೆಗೆ ಎರಡು ಕ್ವಾಚಾ, ಇಲ್ಲವೇ ಒಂದು ಹಿಡಿ ಒಣಮೀನು.
ಮೋಡ ಕವಿದ ದಿನ ಪಾಠವಿಲ್ಲ.

ಸಿಗ್ನಲ್ಲು ಬಾವೊಬಾಬ್ ಮರದ ಬುಡದಲ್ಲಿ,
ತೆಂಕಣಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ.
ಎದುರು ದಡ ಜಿಂಬಾಬ್ವೆ. ಒಮ್ಮೊಮ್ಮೆ ಅಲ್ಲಿನ ಟವರು ನಮ್ಮನ್ನು ಹಿಡಿದು
'ಸ್ವಾಗತ, ನೀವೀಗ ವಿದೇಶದಲ್ಲಿದ್ದೀರಿ' ಎಂದು
ಇದ್ದ ದುಡ್ಡನ್ನೂ ನುಂಗುತ್ತದೆ.
ಓದಿ ಹೇಳಿದರೆ ನಮೂಂಗಾ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.
"ಆ ದಡದಲ್ಲಿ ನಮ್ಮಕ್ಕನ ಮನೆ. ಉಪ್ಪು ಮುಗಿದರೆ ದೋಣಿಯಲ್ಲಿ ಹೋಗಿ ತರುತ್ತಿದ್ದೆ.
ಅದು ವಿದೇಶ ಅಂತ ಆಗ ಯಾರೂ ಹೇಳಿರಲಿಲ್ಲ."

ಅವಳ ಮೊಮ್ಮಗಳು ಲ್ವೇಂದೊ.
ಹೆಸರಿಗೆ ಪಯಣವೆಂದು ಅರ್ಥ, ಮೂರು ಮೈಲಿ ದಾಟಿದವಳಲ್ಲ.
ಭೂಪಟ ತೆರೆಯುವುದನ್ನು ಮೊದಲು ಕಲಿತವಳು ಅವಳೇ.
ಉಪಗ್ರಹದ ಕಣ್ಣಿಗೆ ಬಿದ್ದ ಊರು:
ಶಾಲೆಯ ತಗಡಿನ ಮಿಣುಕು, ಮೇಕೆಗಳ ಚುಕ್ಕಿ,
ಯಾರೋ ಒಣಹಾಕಿದ ಕೆಂಪು ಬಟ್ಟೆ, ಯಾವ ವಾರದ್ದೋ.

ಅಜ್ಜಿ ಕೇಳಿದಳು: "ಮುಸಂಗು ತೋರಿಸು."

ಹುಡುಗಿ ಬರೆದಳು. ಚಕ್ರ ತಿರುಗಿತು, ತಿರುಗಿತು,
'ಹಾಗೊಂದು ಊರಿಲ್ಲ. ಕಾಗುಣಿತ ಸರಿಯಿದೆಯೇ ನೋಡಿ.'

"ಕಾಗುಣಿತ ನನಗೆ ಬಾರದು, ದಾರಿ ಬರುತ್ತದೆ.
ಬೆರಳು ಹಿಡಿ. ಗುಡ್ಡ ಇಳಿ. ಬಿಸಿನೀರಿನ ಬುಗ್ಗೆ ಎಡಕ್ಕೆ ಬಿಡು.
ಹಳ್ಳ ಹೊಳೆಗೆ ಸೇರುವಲ್ಲಿ ಹುಣಸೆ,
ಹುಣಸೆಯಿಂದ ಒಂದು ಕೂಗಿನಷ್ಟು ದೂರ ಮಳೆಗುಡಿ,
ಗುಡಿಯ ಹಿಂದೆ ಜೋಳ,
ಜೋಳದ ಹಿಂದೆ ನಮ್ಮವ್ವ."

ಬೆರಳು ದಡ ದಾಟಿತು. ನೀಲಿಗಿಳಿಯಿತು.
ನೀಲಿಯೊಳಗೆ ಅನುಮಾನವಿಲ್ಲದೆ ನಡೆದು
ಒಮ್ಮೆ ಬಲಕ್ಕೆ ತಿರುಗಿ
ನಿಂತಿತು.
"ಇಲ್ಲಿ."

ನೀರು ಏರುವ ಮೊದಲು ಲಾರಿಗಳಲ್ಲಿ ತುಂಬಿ ಮೇಲಕ್ಕೆ ತಂದಿದ್ದರಂತೆ,
ಕೋಳಿ, ಡೋಲು, ಬೀಸುವ ಕಲ್ಲು ಸಮೇತ.
ಅವಳಿಗಾಗ ಹನ್ನೊಂದು.
ಟ್ಯಾಬ್ಲೆಟ್ಟು ತಂದ ಲಾರಿಗೆ ಊರೆಲ್ಲ ಓಡಿ ಬಂದಿತ್ತು,
ಅವಳು ಮಾತ್ರ ಬಾಗಿಲು ಹಾಕಿಕೊಂಡು ಒಳಗಿದ್ದಳು.
ಈಗ ಗೊತ್ತಾಯಿತು.

ಬೆರಳು ಅಷ್ಟು ಹೊತ್ತು ಒತ್ತಿದ್ದಕ್ಕೋ ಏನೋ, ಒಂದು ಪೆಟ್ಟಿಗೆ ತೆರೆಯಿತು:
'ಬಿಟ್ಟುಹೋದ ಜಾಗ ಸೇರಿಸುವಿರಾ?'
ಹೆಸರು.
ಬಗೆ: ಅಂಗಡಿ, ಹೋಟೆಲು, ಆಸ್ಪತ್ರೆ, ಇತರೆ.
ತೆರೆದಿರುವ ಸಮಯ.

ಲ್ವೇಂದೊ ನನ್ನ ಮುಖ ನೋಡಿದಳು.
"ಇತರೆ," ಎಂದೆ. ಮೇಷ್ಟ್ರು ಏನಾದರೊಂದು ಹೇಳಲೇಬೇಕಲ್ಲ.
ಸಮಯ?
"ನೀರು ಇಳಿದಾಗ," ಎಂದಳು ಅಜ್ಜಿ.
"ಹೋದ ವರ್ಷ ಮೀನಿನವರಿಗೆ ಹುಣಸೆಯ ಬೊಡ್ಡೆ ಕಂಡಿತ್ತಂತೆ."
ಹುಡುಗಿ ಅದನ್ನೇ ಬರೆದಳು, ಇಂಗ್ಲಿಷಿನಲ್ಲಿ, ಎರಡು ತಪ್ಪಿನೊಡನೆ.
ನಾನು ತಿದ್ದಲಿಲ್ಲ.

ಕಳುಹಿಸಲು ಒತ್ತುವಾಗ ಎರಡು ಕಡ್ಡಿ ಒಂದಾಗಿ, ಒಂದೂ ಇಲ್ಲವಾಗಿ
'ಸಂಪರ್ಕ ಸಿಕ್ಕಾಗ ಕಳುಹಿಸಲಾಗುವುದು.'
ಬ್ಯಾಟರಿ ನಾಲ್ಕು. ಮೂರು.
ಸಿಯಾಕಲಿಮಾ ಆಗಲೇ ಅಂಗಡಿ ಮುಚ್ಚಿದ್ದ.

ಪರದೆ ಕಪ್ಪಾದ ಮೇಲೂ ಅಜ್ಜಿ ಎದ್ದಿರಲಿಲ್ಲ.
ಕತ್ತಲಲ್ಲಿ ಮೀನಿನ ದೋಣಿಗಳು ನೀರಿನ ಮೇಲೆ ದೀಪ ಇಳಿಬಿಟ್ಟವು,
ಅಲ್ಲೊಂದು, ಇಲ್ಲೊಂದು,
ಆಮೇಲೆ ತುಂಬಾ.
ಒಂದರ ಕಡೆಗೆ ಗಲ್ಲ ಎತ್ತಿ ತೋರಿಸಿದಳು:
"ಅದು ನಮ್ಮ ಅಂಗಳದಲ್ಲಿ ನಿಂತಿದೆ."